ಮೀನಿನ ತಲೆಗೆ ಕಟ್ಟಿದ ದೋಷಗಳು

1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತಾ ಅಲ್ಲಿನ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಅವರ ಮನೆಯ ಊಟವನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಾರೆ. ಮೊದಲು ಅನ್ನ, ತುಪ್ಪ. ಜೊತೆಗೆ ಕರಿಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಬಳಿಕ ಕೋಳಿ. ಕೋಳಿ ಮುಗಿದ ಮೇಲೆ ಬಗೆಬಗೆಯ ಮೀನು, ಮತ್ತೆ ಅನ್ನ. ಆನಂತರ ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಪದಾರ್ಥ. ಕೊನೆಯಲ್ಲಿ ಮೊಸರು. ಆ ಊರಿನಲ್ಲಿ ತಿಂಗಳುಗಟ್ಟಲೆ ರೊಟ್ಟಿಯ ಮುಖ ನೋಡದೆ ಅನ್ನವನ್ನೇ ಉಂಡೆ ಎಂದೂ ಅವರು ಬರೆಯುತ್ತಾರೆ.

ಈ ಊಟದಲ್ಲಿ ಒಂದು ವಿಷಯವನ್ನು ಗಮನಿಸಿ. ಮೀನು ತಿಂದವರು ಅದೇ ಪಂಕ್ತಿಯಲ್ಲಿ ಹಾಲಿನ ಪದಾರ್ಥವನ್ನೂ ಮೊಸರನ್ನೂ ತಿಂದು ಎದ್ದಿದ್ದಾರೆ. ನಮ್ಮ ಮನೆಗಳಲ್ಲಿ ಇಂದಿಗೂ ಮೀನಿನ ಜೊತೆ ಹಾಲು ಕುಡಿದರೆ ಮೈಮೇಲೆ ಬಿಳಿ ಮಚ್ಚೆ ಬೀಳುತ್ತದೆ ಎಂದು ಮಕ್ಕಳನ್ನು ಹೆದರಿಸುವುದುಂಟು. ಮೀನಿನ ಮೇಲೆ ಮನುಷ್ಯ ಹೊರಿಸಿದ ಆರೋಪಗಳು ಒಂದೆರಡಲ್ಲ. ಕೆಲವು ಬರಿಯ ಭಯ, ಕೆಲವು ನಿಜ. ನಿಜವಾದವುಗಳಲ್ಲಿ ಹೆಚ್ಚಿನವು ಮೀನು ಕಡಲಿನಿಂದ ಅಡುಗೆ ಮನೆಗೆ ಬರುವ ದಾರಿಯಲ್ಲಿ ಮನುಷ್ಯನ ಕೈಯಿಂದಲೇ ಸೇರಿಕೊಂಡವು. ಆದರೆ ಪ್ರತಿ ಬಾರಿಯೂ ದೋಷ ಹೊತ್ತದ್ದು ಮೀನು ಮತ್ತು ಅದನ್ನು ತಿಂದ ಬಡವ. ಆ ಇತಿಹಾಸವನ್ನು ಸ್ವಲ್ಪ ಬಿಡಿಸಿ ನೋಡೋಣ.

ಅರಬಿ ಕಡಲಿನ ಎರಡೂ ದಂಡೆಯವರಿಗೆ ಮೀನು ಬರಿಯ ರುಚಿಯ ಮಾತಾಗಿರಲಿಲ್ಲ. ಸಮುದ್ರದಿಂದ ಸಿಗುವ ತಾಜಾ ಮಾಂಸವನ್ನು ಕುರ್‌ಆನ್ ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಎಣಿಸುತ್ತದೆ, ಅನ್ನಹ್ಲ್ ಅಧ್ಯಾಯದಲ್ಲೂ ಫಾತಿರ್ ಅಧ್ಯಾಯದಲ್ಲೂ. ಜಾಬಿರ್(ರ) ವರದಿ ಮಾಡಿದ ಪ್ರಸಿದ್ಧ ಘಟನೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅಬೂ ಉಬೈದಾ(ರ) ಅವರ ನೇತೃತ್ವದಲ್ಲಿ 300 ಮಂದಿಯ ತಂಡ ಕಡಲ ತೀರಕ್ಕೆ ಹೋಗಿತ್ತು. ತಂದ ಖರ್ಜೂರ ಕರಗುತ್ತಾ ಬಂದು ದಿನಕ್ಕೆ ತಲಾ ಒಂದರಂತೆ ಹಂಚುವ ಸ್ಥಿತಿ ಬಂತು. ಅದನ್ನು ಚೀಪಿ ನೀರು ಕುಡಿದು, ಒಣಗಿದ ಎಲೆಗಳನ್ನು ನೆನೆಸಿ ತಿಂದು ದಿನ ದೂಡುತ್ತಿದ್ದಾಗ ದಡಕ್ಕೆ ಬೆಟ್ಟದಂಥ ಅಂಬರ್ ಮೀನೊಂದು ಬಂದು ಬಿತ್ತು. ಇದು ಶವವಲ್ಲವೇ ಎಂದು ಅಬೂ ಉಬೈದಾ(ರ) ಮೊದಲು ಹಿಂಜರಿದರು, ನಂತರ ತಿನ್ನಲು ಹೇಳಿದರು. ತಂಡ ವಾರಗಟ್ಟಲೆ ಅದರಲ್ಲೇ ಬದುಕಿತು. ಒಣಗಿಸಿದ ತುಂಡುಗಳನ್ನು ಮದೀನಾಕ್ಕೂ ತಂದಿತು. ಪ್ರವಾದಿ(ಸ) ಅದರಲ್ಲಿ ಪಾಲು ಕೇಳಿ ತರಿಸಿಕೊಂಡು ತಿಂದರು.

ಈ ಘಟನೆಯ ಸುತ್ತ ಫಿಕ್ಹ್ ವಿದ್ವಾಂಸರ ನಡುವೆ ನಡೆದ ಚರ್ಚೆ ದೀರ್ಘವಾದದ್ದು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಸಮುದ್ರದಲ್ಲಷ್ಟೇ ಬದುಕುವ ಹೆಚ್ಚಿನ ಜೀವಿಗಳು ಹಲಾಲ್. ಹಳೇ ಮೈಸೂರು ಮತ್ತು ಉತ್ತರ ಕರ್ನಾಟಕದ ಹೆಚ್ಚಿನ ಮುಸ್ಲಿಮರ ಹನಫೀ ಮದ್‌ಹಬ್‌ನಲ್ಲಿ ಮೀನು ಮಾತ್ರ. ಹಾಗಾಗಿ ಸಿಗಡಿ ಮೀನೋ ಅಲ್ಲವೋ ಎಂಬ ಚರ್ಚೆ ಹನಫೀ ಉಲಮಾಗಳಲ್ಲಿ ಇಂದಿಗೂ ಮುಗಿದಿಲ್ಲ. ಘಟ್ಟ ಹತ್ತಿ ಮದುವೆಯಾಗಿ ಹೋದ ಕರಾವಳಿಯ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಅಡುಗೆ ಮನೆಯಲ್ಲೇ ಅನುಭವಕ್ಕೆ ಬಂದಿರುತ್ತದೆ. (ಏಡಿಯ ವಿಷಯ ಬೇರೆ, ಅದನ್ನು ನಿಮ್ಮ ಮಹಲ್ಲಿನ ಆಲಿಮರಲ್ಲೇ ಕೇಳಿ.) ತಾನಾಗಿ ಸತ್ತು ನೀರಿನ ಮೇಲೆ ತೇಲುವ ಮೀನನ್ನು ಹನಫೀಗಳು ತಿನ್ನುವುದಿಲ್ಲ, ಶಾಫಿಈಗಳು ತಡೆಯುವುದಿಲ್ಲ. ಇದನ್ನು ಹಿಡಿದು ಕೆಲವರು ಆಗಲೇ ಬ್ಯಾಕ್ಟೀರಿಯಾದ ಅರಿವಿತ್ತು ಎಂದು ಭಾಷಣ ಮಾಡುತ್ತಾರೆ. ಹಾಗೆ ಹೇಳಿದರೆ ಆ ಚರ್ಚೆಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅವರ ಮುಂದಿದ್ದ ಪ್ರಶ್ನೆ ವರದಿಗಳ ಪ್ರಾಬಲ್ಯದ್ದು. ತೇಲುವ ಮೀನು ಹಲಾಲ್ ಎಂದ ಊರಿನಲ್ಲೂ ವಾಸನೆ ಬಂದ ಮೀನನ್ನು ಯಾವ ತಾಯಿಯೂ ಸಾರಿಗೆ ಹಾಕಲಿಲ್ಲ.

ಇನ್ನು ಹಾಲು ಮತ್ತು ಮೀನಿನ ಪ್ರಶ್ನೆ. ಇದು ಅಜ್ಜಿಯರ ಕಟ್ಟುಕತೆ ಎಂದು ನಕ್ಕು ತಳ್ಳುವಂಥದ್ದಲ್ಲ, ಇದಕ್ಕೆ ದೊಡ್ಡ ವಂಶಾವಳಿಯಿದೆ. ಚರಕಸಂಹಿತೆ ಮೀನು ಮತ್ತು ಹಾಲನ್ನು ವಿರುದ್ಧ ಆಹಾರ ಎನ್ನುತ್ತದೆ. ಯುನಾನಿ ವೈದ್ಯರೂ ಅದನ್ನೇ ಹೇಳಿದರು. ಇಬ್ನುಲ್ ಕಯ್ಯಿಮ್ ತಮ್ಮ ಝಾದುಲ್ ಮಆದ್‌ನಲ್ಲಿ ಪ್ರವಾದಿ(ಸ) ಹಾಲನ್ನೂ ಮೀನನ್ನೂ ಒಟ್ಟಿಗೆ ಸೇವಿಸುತ್ತಿರಲಿಲ್ಲ ಎಂದು ಬರೆದರು. ಅದು ಆಹಾರ ಕ್ರಮದ ಮಾತೇ ಹೊರತು ನಿಷೇಧದ ಮಾತಲ್ಲ. ಸ್ವಾರಸ್ಯವೆಂದರೆ ಇಬ್ನುಲ್ ಕಯ್ಯಿಮ್ ದಮಸ್ಕಸ್‌ನಲ್ಲಿ ಬದುಕಿದ್ದ ಕಾಲದಲ್ಲೇ ಹೊನ್ನಾವರದ ಸುಲ್ತಾನರ ಪಂಕ್ತಿಯಲ್ಲಿ ಮೀನಿನ ನಂತರ ಮೊಸರು ಬಡಿಸಲಾಗುತ್ತಿತ್ತು. ಇಂದಿನ ವೈದ್ಯಶಾಸ್ತ್ರದ ಪ್ರಕಾರ ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುವುದರಿಂದ. ಮೀನು ಮತ್ತು ಹಾಲಿಗೆ ಅದರಲ್ಲಿ ಪಾತ್ರವಿದೆ ಎನ್ನಲು ಪುರಾವೆ ಸಿಕ್ಕಿಲ್ಲ. ಮೀನಿನ ಅಲರ್ಜಿ ಇರುವವರು ಹಾಲಿಲ್ಲದೆಯೂ ಮೀನಿನಿಂದ ದೂರ ಇರಬೇಕು, ಅದು ಬೇರೆ ಮಾತು. ನಿಮಗೆ ರೂಢಿ ಇಲ್ಲದಿದ್ದರೆ ಬೇಡ. ಆದರೆ ತೊನ್ನು ಇರುವ ಹುಡುಗಿಯನ್ನು ಕಂಡು ಏನೋ ತಿನ್ನಬಾರದ್ದನ್ನು ತಿಂದಿದ್ದಾಳೆ ಎಂದು ಪಿಸುಗುಟ್ಟುವುದನ್ನು ಮಾತ್ರ ಬಿಡಬೇಕು. ಆ ಪಿಸುಮಾತಿನಿಂದ ಎಷ್ಟೋ ಸಂಬಂಧಗಳು ಮುರಿದಿವೆ.

ಚರ್ಮದ ರೋಗವನ್ನು ಮೀನಿಗೆ ಕಟ್ಟುವ ಈ ಚಾಳಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಜೊನಾಥನ್ ಹಚಿನ್ಸನ್ ಕುಷ್ಠರೋಗ ಬರುವುದು ಸರಿಯಾಗಿ ಉಪ್ಪು ಹಾಕದೆ ಕೆಟ್ಟುಹೋದ ಮೀನು ತಿನ್ನುವುದರಿಂದ ಎಂದು ದಶಕಗಳ ಕಾಲ ವಾದಿಸಿದರು. ನಾರ್ವೆಯ ಹಾನ್ಸನ್ 1873ರಲ್ಲೇ ಕುಷ್ಠದ ರೋಗಾಣುವನ್ನು ಕಂಡುಹಿಡಿದಿದ್ದರೂ ಹಚಿನ್ಸನ್ ಮನಸ್ಸು ಬದಲಿಸಲಿಲ್ಲ. ರೋಗಾಣು ಮೀನಿನ ಮೂಲಕವೇ ಹೊಟ್ಟೆ ಸೇರುತ್ತದೆ ಎಂದರು. ವಾದವನ್ನು ಸಾಬೀತುಪಡಿಸಲು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮೊದಲು ದಕ್ಷಿಣ ಆಫ್ರಿಕಾಕ್ಕೂ ಬಳಿಕ, 1902-03ರಲ್ಲಿ, ಭಾರತಕ್ಕೂ ಬಂದರು. 1906ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮೀನು ಮುಟ್ಟದವರಲ್ಲೂ ಕುಷ್ಠ ಇತ್ತು, ದಿನವೂ ಮೀನು ತಿನ್ನುವ ಊರುಗಳಲ್ಲಿ ಅದಿಲ್ಲದೆಯೂ ಇತ್ತು. ಅವರ ವಾದ ನಿಲ್ಲಲಿಲ್ಲ.

ಹಚಿನ್ಸನ್ ತಪ್ಪಿದರೂ ಅವರ ಬೆರಳು ಒಂದು ಸರಿಯಾದ ಕಡೆ ತೋರಿಸುತ್ತಿತ್ತು. ಅದು ಉಪ್ಪು. ಮದ್ರಾಸ್ ಪ್ರಾಂತದಲ್ಲಿ ಕಂಪೆನಿ ಸರಕಾರ 1805ರಲ್ಲಿ ಉಪ್ಪಿನ ಏಕಸ್ವಾಮ್ಯವನ್ನು ತನ್ನದಾಗಿಸಿಕೊಂಡಿತು. ದಕ್ಷಿಣ ಕನ್ನಡ ಆಗ ಆ ಪ್ರಾಂತದ ಜಿಲ್ಲೆ. ತೆರಿಗೆ ಸೇರಿದ ಉಪ್ಪಿನ ಬೆಲೆ ಮೀನಿನ ಬೆಲೆಯನ್ನೇ ಮೀರಿಸುವಂತಾದಾಗ ಬೆಸ್ತರು ಏನು ಮಾಡಬೇಕು? ಅಗ್ಗದ ಬೂತಾಯಿ, ಬಂಗುಡೆಗೆ ದುಬಾರಿ ಉಪ್ಪು ಹಾಕಿ ಮಾರಿದರೆ ಬಂಡವಾಳವೂ ಬಾರದು. ಅವರು ಕಡಲ ಬದಿಯ ಉಪ್ಪುಮಣ್ಣನ್ನು ಕೆರೆದು ತಂದು ಮೀನಿಗೆ ಬಳಿದರು, ಇಲ್ಲವೇ ಉಪ್ಪೇ ಇಲ್ಲದೆ ಮರಳಿನ ಮೇಲೆ ಒಣಗಿಸಿದರು. ಉಪ್ಪುಮಣ್ಣು ಕೆರೆಯುವುದೂ ಮುಂದೆ ಅಪರಾಧವಾಯಿತು. ಅರ್ಧ ಕೊಳೆತ ಒಣಮೀನು ಘಟ್ಟ ಹತ್ತಿ ತೋಟದ ಕೂಲಿಗಳ ಗಂಜಿಯ ಪಕ್ಕಕ್ಕೆ ಬಂತು. ಭಾರತದ ಮೀನುಗಳ ಬಗ್ಗೆ ಇಂದಿಗೂ ಪ್ರಮಾಣವೆನಿಸುವ ಗ್ರಂಥ ಬರೆದ ಫ್ರಾನ್ಸಿಸ್ ಡೇ 1873ರಲ್ಲಿ ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಕಡಲ ಮೀನುಗಾರಿಕೆಯ ಸ್ಥಿತಿಯನ್ನು ವಿವರಿಸಿದರು. ಆನಂತರದ ವರ್ಷಗಳಲ್ಲಿ ಕರಾವಳಿಯುದ್ದಕ್ಕೂ ಬೇಲಿ ಹಾಕಿದ ಉಪ್ಪುಮೀನಿನ ಅಂಗಳಗಳು ತೆರೆದವು. ಅದರೊಳಗೆ, ಉಪ್ಪು ಇಲಾಖೆಯವರ ಕಣ್ಣೆದುರಿನಲ್ಲಿ, ತೆರಿಗೆಯಿಲ್ಲದ ಉಪ್ಪನ್ನು ಮೀನಿಗೆ ಹಾಕಬಹುದಿತ್ತು. ಹೊರಗೆ ಒಯ್ದರೆ ಶಿಕ್ಷೆ.

ನೋಡಿ, ಕೊಳೆತ ಮೀನು ತಿಂದವನ ಹೊಟ್ಟೆ ಕೆಟ್ಟರೆ ಆತ ಕೊಳಕ, ಕೀಳು ಅಭ್ಯಾಸದವ ಎಂದು ಬರೆದಿಡುವವರಿದ್ದರು. ಉಪ್ಪನ್ನು ಕಸಿದುಕೊಂಡದ್ದು ಯಾರು ಎಂದು ಕೇಳುವವರು ಕಡಿಮೆ. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಉಪ್ಪು ತಯಾರಿಸಿ ಕಾನೂನು ಮುರಿದದ್ದನ್ನು ನಾವು ಸ್ವಾತಂತ್ರ್ಯದ ಅಧ್ಯಾಯವಾಗಿ ಓದುತ್ತೇವೆ. ಅದನ್ನು ಆರೋಗ್ಯದ ಅಧ್ಯಾಯವಾಗಿಯೂ ಓದಬಹುದು.

ಈಗ ಬೂತಾಯಿಯ ಸರದಿ. ತುಳುವಿನಲ್ಲಿ ಬೂತಾಯಿ, ಬ್ಯಾರಿಗಳಿಗೂ ಮಲಯಾಳಿಗಳಿಗೂ ಮತ್ತಿ, ಉತ್ತರ ಕನ್ನಡದಲ್ಲಿ ತಾರ್ಲೆ. ಇಬ್ನ್ ಬತೂತಾ ಇಂದಿನ ಒಮಾನಿನ ಧೋಫಾರ್‌ನಲ್ಲಿ ಈ ಜಾತಿಯ ಮೀನನ್ನು ರಾಶಿ ರಾಶಿಯಾಗಿ ಕಂಡು, ಅದರ ಕೊಬ್ಬಿಗೆ ಬೆರಗಾಗಿ, ಅಲ್ಲಿ ದನಕರುಗಳಿಗೂ ಕುರಿಗಳಿಗೂ ಇದೇ ಮೇವು, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಬರೆದರು. ಸಲಾಲದಲ್ಲಿ ದುಡಿದು ಬಂದ ನಮ್ಮವರಿಗೆ ಆ ದಂಡೆ ಪರಿಚಿತ. ನಮ್ಮ ಕಡೆಯೂ ಅದರ ಅದೃಷ್ಟ ಹೆಚ್ಚು ಭಿನ್ನವಾಗಿರಲಿಲ್ಲ. ಬೇಯಿಸಿ ಹಿಂಡಿ ತೆಗೆದ ಎಣ್ಣೆ ದೋಣಿಗೆ ಬಳಿಯಲು, ಚರ್ಮ ಹದ ಮಾಡಲು, ದೀಪಕ್ಕೆ. ಉಳಿದ ಹಿಂಡಿ ತೆಂಗಿಗೆ, ಕಾಫಿ ತೋಟಕ್ಕೆ ಗೊಬ್ಬರ. ಮದ್ರಾಸಿನಲ್ಲಿ 1907ರಲ್ಲಿ ಆರಂಭವಾದ ಮೀನುಗಾರಿಕಾ ಕಚೇರಿಯ ಸರ್ ಫ್ರೆಡರಿಕ್ ನಿಕಲ್ಸನ್ ಪಶ್ಚಿಮ ಕರಾವಳಿಯಲ್ಲಿ ಮೀನೆಣ್ಣೆಯನ್ನು ಶುದ್ಧವಾಗಿ ತೆಗೆಯುವ ವಿಧಾನವನ್ನು ಕಲಿಸಿದರು. ಆಗ ಅದರ ಗಿರಾಕಿ ಕೈಗಾರಿಕೆ, ಮನುಷ್ಯನ ಹೃದಯವಲ್ಲ.

ಹೃದಯದ ಮಾತು ಬಂದದ್ದು 1970ರ ದಶಕದಲ್ಲಿ. ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತವನ್ನು ಪರೀಕ್ಷಿಸಿ, ಮೀನು ಮತ್ತು ಸೀಲ್ ತಿನ್ನುವ ಅವರಲ್ಲಿ ಹೃದಯಾಘಾತ ಕಡಿಮೆ ಇರುವುದಕ್ಕೆ ಕಡಲಿನ ಕೊಬ್ಬು, ಅಂದರೆ ಒಮೆಗಾ-3, ಕಾರಣವಿರಬಹುದು ಎಂದರು. ಅವರು ಆಧರಿಸಿದ ಸಾವಿನ ಲೆಕ್ಕಗಳು ಅಷ್ಟು ಗಟ್ಟಿಯಲ್ಲ ಎಂದು ನಂತರದವರು ಆಕ್ಷೇಪ ಎತ್ತಿದ್ದಾರೆ. ಮೀನೆಣ್ಣೆ ಮಾತ್ರೆಗಳ ಮೇಲೆ ನಡೆದ ದೊಡ್ಡ ಪ್ರಯೋಗಗಳ ಫಲವೂ ಒಂದೇ ರೀತಿ ಇಲ್ಲ. ಆದರೆ ವಾರಕ್ಕೆ ಒಂದೆರಡು ಸಲ ಮೀನು ತಿನ್ನುವುದು ಹೃದಯಕ್ಕೆ ಒಳ್ಳೆಯದು ಎಂಬ ಸಲಹೆ ಉಳಿದುಕೊಂಡಿದೆ. ಬೂತಾಯಿಯಲ್ಲಿ ಈ ಕೊಬ್ಬು ಧಾರಾಳ. ಜೊತೆಗೆ ವಿಟಮಿನ್ ಡಿ, ಬಿ12, ಅಯೋಡಿನ್, ಮುಳ್ಳು ಸಮೇತ ಅಗಿದರೆ ಕ್ಯಾಲ್ಸಿಯಂ. ನೂರು ವರ್ಷಗಳ ಹಿಂದೆ ಕಾಫಿ ಗಿಡದ ಬುಡಕ್ಕೆ ಹೋಗುತ್ತಿದ್ದದ್ದೇ ಇಂದು ಔಷಧದ ಅಂಗಡಿಯಲ್ಲಿ ಹೊಳೆಯುವ ಮಾತ್ರೆಯಾಗಿ ಕುಳಿತಿದೆ. ಗಸಿ ಮಾಡುವ ಮೀನು ಕೈಗೆಟಕುವಾಗ ಆ ಮಾತ್ರೆಗೆ ದುಡ್ಡು ಸುರಿಯುವುದು ನನಗಂತೂ ಅರ್ಥವಾಗುವುದಿಲ್ಲ.

ಬೂತಾಯಿಗೆ ಇನ್ನೊಂದು ಗುಣವಿದೆ. ಅದು ಚಿಕ್ಕದು. ಚಿಕ್ಕದಾಗಿರುವುದು ಯಾಕೆ ಗುಣ ಎಂದು ತಿಳಿಯಲು ಜಪಾನಿಗೆ ಹೋಗಬೇಕು.

ಅಲ್ಲಿನ ಮಿನಮಾತ ಎಂಬ ಕೊಲ್ಲಿಯ ದಂಡೆಯ ಬೆಸ್ತರು ದಿನದ ಮೂರು ಹೊತ್ತೂ ಮೀನು ಉಣ್ಣುವವರು. 1950ರ ದಶಕದಲ್ಲಿ ಆ ಊರಿನ ಬೆಕ್ಕುಗಳು ವಿಚಿತ್ರವಾಗಿ ಕುಣಿದು, ತಿರುಗಿ, ನೀರಿಗೆ ಬಿದ್ದು ಸಾಯತೊಡಗಿದವು. ನಂತರ ಮಕ್ಕಳ ಕೈಕಾಲು ನಡುಗತೊಡಗಿತು. ಮಾತು ತೊದಲಿತು, ದೃಷ್ಟಿ ಕಿರಿದಾಯಿತು. 1956ರ ಮೇ 1ರಂದು ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವ ಹಾಜಿಮೆ ಕಾರಣ ತಿಳಿಯದ ಮೆದುಳಿನ ಕಾಯಿಲೆ ಹಬ್ಬಿದೆ ಎಂದು ಆರೋಗ್ಯ ಕಚೇರಿಗೆ ವರದಿ ಮಾಡಿದರು. ಊರವರು ಅದನ್ನು ಅಂಟುರೋಗ ಎಂದುಕೊಂಡರು. ರೋಗಿಗಳ ಮನೆಗೆ ಔಷಧಿ ಸಿಂಪಡಿಸಿದರು, ನೆರೆಯವರು ದಾರಿ ಬದಲಿಸಿದರು, ಅಂಗಡಿಯವರು ಅವರ ಕೈಯಿಂದ ದುಡ್ಡು ಮುಟ್ಟಲು ಹೆದರಿದರು. ಕೊಳೆತ ಮೀನು ತಿಂದಿರಬೇಕು, ಬಡವರಲ್ಲವೇ ಎಂಬ ಮಾತೂ ಬಂತು.

ಆ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ತಯಾರಿಕೆಗೆ ಪಾದರಸ ಬಳಸಿ ಕೊಳೆ ನೀರನ್ನು ಕಡಲಿಗೆ ಬಿಡುತ್ತಿತ್ತು. 1959ರಲ್ಲಿ ಕುಮಾಮೊತೊ ವಿಶ್ವವಿದ್ಯಾಲಯದ ಸಂಶೋಧಕರು ಕಾರಣ ಸಾವಯವ ಪಾದರಸ ಎಂದರು. ಅದೇ ವರ್ಷ ಹೊಸೊಕಾವ ಕಾರ್ಖಾನೆಯ ಕೊಳೆ ನೀರನ್ನೇ ಆಹಾರಕ್ಕೆ ಬೆರೆಸಿ ಒಂದು ಬೆಕ್ಕಿಗೆ ಕೊಟ್ಟರು. 400ನೇ ಸಂಖ್ಯೆಯ ಆ ಬೆಕ್ಕಿಗೆ ಅದೇ ಸೆಳೆತ, ಅದೇ ಕುಣಿತ. ಕಂಪೆನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಡಿಸೆಂಬರಿನಲ್ಲಿ ರೋಗಿಗಳ ಕುಟುಂಬಗಳಿಗೆ ಅಲ್ಪ ಸಾಂತ್ವನದ ಹಣ ಕೊಟ್ಟು ಒಂದು ಒಪ್ಪಂದಕ್ಕೆ ಸಹಿ ಹಾಕಿಸಿತು. ಮುಂದೆ ಕಾರ್ಖಾನೆಯದ್ದೇ ತಪ್ಪೆಂದು ತಿಳಿದರೂ ಹೆಚ್ಚಿನ ಪರಿಹಾರ ಕೇಳುವಂತಿಲ್ಲ ಎಂದು ಅದರಲ್ಲಿತ್ತು! ಕೊಳೆ ನೀರು 1968ರವರೆಗೂ ಹರಿಯಿತು. ಸರಕಾರ ಸತ್ಯವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದೂ ಆ ವರ್ಷವೇ. 1970ರಲ್ಲಿ ಹೊಸೊಕಾವ ಆಸ್ಪತ್ರೆಯ ಹಾಸಿಗೆಯಿಂದಲೇ ಬೆಕ್ಕಿನ ಪ್ರಯೋಗದ ಬಗ್ಗೆ ಸಾಕ್ಷಿ ನುಡಿದು ಕೆಲವೇ ತಿಂಗಳಲ್ಲಿ ತೀರಿಕೊಂಡರು. 1973ರಲ್ಲಿ ನ್ಯಾಯಾಲಯ ಆ ಒಪ್ಪಂದವನ್ನು ನೀತಿಗೆ ವಿರುದ್ಧವೆಂದು ಅಸಿಂಧುಗೊಳಿಸಿತು. ಅಧಿಕೃತವಾಗಿ ರೋಗಿಗಳೆಂದು ಗುರುತಿಸಲ್ಪಟ್ಟವರೇ 2,000ಕ್ಕಿಂತ ಹೆಚ್ಚು. ಗುರುತಿಸಲ್ಪಡದೆ ಹೋರಾಡಿದವರು ಅದರ ಅನೇಕ ಪಟ್ಟು. ತಾಯಿಗೆ ಅಷ್ಟೇನೂ ಬಾಧೆಯಿಲ್ಲದಿದ್ದರೂ ಗರ್ಭದಲ್ಲಿದ್ದ ಮಗು ಅಂಗವೈಕಲ್ಯದೊಂದಿಗೆ ಹುಟ್ಟಿದ ಪ್ರಕರಣಗಳು ವೈದ್ಯಲೋಕವನ್ನು ಬೆಚ್ಚಿಬೀಳಿಸಿದವು. ವಿಷ ಮಗುವಿನ ಕಡೆಗೆ ಹರಿದಿತ್ತು.

ಅಲ್ಲಿಂದ ನಮಗೆ ಬಂದ ತಿಳಿವಳಿಕೆ ಇದು: ನೀರಿನಲ್ಲಿರುವ ಪಾದರಸ ಸೂಕ್ಷ್ಮಜೀವಿಗಳನ್ನು ಸೇರಿ, ಅವುಗಳನ್ನು ತಿನ್ನುವ ಸಣ್ಣ ಮೀನಿಗೂ, ಅದನ್ನು ತಿನ್ನುವ ದೊಡ್ಡ ಮೀನಿಗೂ ಹೋಗುತ್ತಾ ಪ್ರತಿ ಮೆಟ್ಟಿಲಲ್ಲೂ ಹೆಚ್ಚುತ್ತದೆ. ಬೇಯಿಸಿದರೂ ಹೋಗದು. ಹಾಗಾಗಿ ಎಲೆಯ ಮೇಲೆ ಪ್ರತಿಷ್ಠೆಯ ಮೀನು ಯಾವುದೋ ಅದರಲ್ಲೇ ಅಪಾಯವೂ ಹೆಚ್ಚು. ದೊಡ್ಡ ಶಾರ್ಕ್, ಕತ್ತಿಮೀನು, ದೊಡ್ಡ ಟ್ಯೂನಾಗಳನ್ನು ಗರ್ಭಿಣಿಯರೂ ಪುಟ್ಟ ಮಕ್ಕಳೂ ಬಿಡುವುದೇ ಒಳ್ಳೆಯದು. ಕರಾವಳಿಯಲ್ಲಿ ಬಾಣಂತಿಗೆ ಎದೆಹಾಲು ಹೆಚ್ಚಲೆಂದು ಕೊಡುವ ತಾಟೆ ಮೀನಿನ ಸಾರಿಗೆ ಮರಿ ತಾಟೆಯನ್ನೇ ಹುಡುಕುತ್ತಿದ್ದರು. ಕಾರಣ ಏನೇ ಇದ್ದಿರಲಿ, ದೊಡ್ಡದಕ್ಕಿಂತ ಮರಿಯಲ್ಲಿ ಪಾದರಸ ಕಡಿಮೆ. ಅಂಜಲ್ ಅಪರೂಪಕ್ಕೆ ತಿಂದರೆ ತೊಂದರೆಯಿಲ್ಲ. ದಿನನಿತ್ಯಕ್ಕೆ ಬೂತಾಯಿ, ಬಂಗುಡೆ, ಕೊಡ್ಡೆಯಿಯೇ ಮೇಲು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಮಿನಮಾತದ ಹೆಸರನ್ನೇ ಇಡಲಾಯಿತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು.

ನಮ್ಮ ಕಡಲಿಗೆ ಮರಳೋಣ. 1970ರ ದಶಕದ ನಡುವಿನವರೆಗೂ ಇಲ್ಲಿ ರಂಪಣಿ ಬಲೆಯ ಕಾಲ. ನೂರಾರು ಜನ ಸೇರಿ ದಡಕ್ಕೆ ಎಳೆದ ಮೀನು ಗಂಟೆಗಳೊಳಗೆ ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಯಾಂತ್ರಿಕ ದೋಣಿಗಳೂ ಪರ್ಸೀನ್ ಬಲೆಗಳೂ ಬಂದ ಮೇಲೆ ಮೀನು ಕಡಲಲ್ಲೇ ದಿನಗಟ್ಟಲೆ, ಲಾರಿಯಲ್ಲಿ ಇನ್ನಷ್ಟು ದಿನ ಕಳೆಯತೊಡಗಿತು. ಎಲ್ಲವೂ ಮಂಜುಗಡ್ಡೆಯ ಮೇಲೆ ನಿಂತಿತು. ಬಂಗುಡೆ, ಬೂತಾಯಿ, ಟ್ಯೂನಾಗಳನ್ನು ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಉತ್ಪತ್ತಿ ಮಾಡುತ್ತವೆ. ಎಷ್ಟು ಕುದಿಸಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸಿದರೆ ನಂಗೆ ಬಂಗುಡೆ ಆಗಿಬರುವುದಿಲ್ಲ ಎಂದು ನಾವು ಹೇಳಿಬಿಡುತ್ತೇವೆ. ಹಲವು ಸಲ ಆಗಿಬರದೇ ಇದ್ದದ್ದು ಆ ಲಾರಿ.

ಮರ್ವಾಯಿಯದ್ದು ಬೇರೆ ಕತೆ. ನೀರಿನಲ್ಲಿ ಕೆಲವು ಬಗೆಯ ಸೂಕ್ಷ್ಮ ಪಾಚಿ ಹೆಚ್ಚಾದಾಗ ಅದರ ವಿಷ ಚಿಪ್ಪುಗಳಲ್ಲಿ ಸೇರಿಕೊಳ್ಳುತ್ತದೆ. 1983ರಲ್ಲಿ ಮಂಗಳೂರಿನ ಸುತ್ತ ಚಿಪ್ಪು ತಿಂದವರಿಗೆ ಇಂಥ ಪಾರ್ಶ್ವವಾಯು ತರುವ ವಿಷಬಾಧೆ ಆದುದನ್ನು ಇಲ್ಲಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ದಾಖಲಿಸಿದ್ದಾರೆ. ಕಡಲ ನೀರಿನ ಬಣ್ಣ ಬದಲಾದ ದಿನಗಳಲ್ಲಿ ಚಿಪ್ಪು ತರಬೇಡಿ. ತಿಂದ ಮೇಲೆ ತುಟಿ, ನಾಲಗೆ ಜುಮ್ಮೆಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಫಾರ್ಮಾಲಿನ್ ವಿಷಯ 2018ರಲ್ಲಿ ದೊಡ್ಡ ಸುದ್ದಿಯಾಯಿತು. ಕೇರಳದ ಚೆಕ್‌ಪೋಸ್ಟ್‌ಗಳಲ್ಲಿ ಸಾವಿರಾರು ಕಿಲೋ ಮೀನು ವಶವಾಯಿತು, ಗೋವಾ ಕೆಲವು ಕಾಲ ಹೊರಗಿನ ಮೀನನ್ನೇ ತಡೆಯಿತು. ಶವ ಕೆಡದಂತೆ ಇಡಲು ಬಳಸುವ, ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ವರ್ಗೀಕರಿಸಿದ ರಾಸಾಯನಿಕವನ್ನು ಮಂಜುಗಡ್ಡೆಯ ಖರ್ಚು ಉಳಿಸಲು ಮೀನಿಗೆ ಬೆರೆಸುವುದೆಂದರೆ! ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದರು. ಮುಸ್ಲಿಮ್‌ನಲ್ಲಿರುವ ಈ ಹದೀಸ್‌ನ ವ್ಯಾಪಾರಿ ಮಳೆಯ ಒದ್ದೆಯನ್ನು ಮರೆಮಾಡಿದ್ದನಷ್ಟೆ, ವಿಷ ಬೆರೆಸಿರಲಿಲ್ಲ. ಕರಾವಳಿಯ ಮೀನು ವ್ಯಾಪಾರದಲ್ಲಿ ನಮ್ಮ ಸಮುದಾಯದವರು ತಲೆಮಾರುಗಳಿಂದ ಇದ್ದಾರೆ. ದಕ್ಕೆಯಲ್ಲೂ ಲಾರಿಯಲ್ಲೂ ಹರಾಜಿನಲ್ಲೂ. ಹಾಗಾಗಿ ಈ ಮಾತನ್ನು ದೂರದ ಯಾರಿಗೋ ಹೇಳಿದಂತೆ ಕೇಳಿಸಿಕೊಳ್ಳುವ ಹಾಗಿಲ್ಲ. ಕೊಳ್ಳುವವರು ಕಿವಿರು ಎತ್ತಿ ನೋಡಲಿ, ಕಣ್ಣು ಗುಳಿ ಬಿದ್ದಿದೆಯೇ, ಒತ್ತಿದ ಮಾಂಸ ಮೇಲೇಳುತ್ತದೆಯೇ ಎಂದು ಪರೀಕ್ಷಿಸಲಿ. ವಾಸನೆಯೇ ಇಲ್ಲದ, ನೊಣವೂ ಕೂರದ, ರಬ್ಬರಿನಂತೆ ಬಿಗಿಯಾದ ಮೀನನ್ನು ಅನುಮಾನದಿಂದಲೇ ನೋಡಲಿ.

ಇತ್ತ ಬೂತಾಯಿ ಮತ್ತೆ ಮನುಷ್ಯನ ತಟ್ಟೆಯಿಂದ ಜಾರುತ್ತಿದೆ. ದೇಶದಲ್ಲೇ ಹೆಚ್ಚಿನ ಮೀನುಹಿಟ್ಟಿನ ಕಾರ್ಖಾನೆಗಳಿರುವುದು ಕರ್ನಾಟಕದ ಕರಾವಳಿಯಲ್ಲಿ. ದಕ್ಕೆಯಲ್ಲಿ ಇಳಿದ ಬೂತಾಯಿಯ ದೊಡ್ಡ ಪಾಲು, ಮರಿಗಳೂ ಸೇರಿ, ಅಲ್ಲಿಗೆ ಹೋಗಿ ಎಣ್ಣೆ ಮತ್ತು ಹಿಟ್ಟಾಗುತ್ತದೆ. ಹಿಟ್ಟು ಸಾಕಣೆಯ ಸಿಗಡಿಗೆ ಮೇವು. ಆ ಸಿಗಡಿ ಹೊರದೇಶಕ್ಕೆ ಹಡಗು ಹತ್ತುತ್ತದೆ. ಬೂತಾಯಿ ಸಿಗದ ವರ್ಷ ಒಮಾನಿನಿಂದ ಬಂದ ಮಂಜುಗಡ್ಡೆಯ ಬೂತಾಯಿ ಇಲ್ಲಿನ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ.